ಕವಲಿನ ಹಳದಿ ಬಾಣ

ಎಡ ಯಾವುದು, ಬಲ ಯಾವುದು ಎಂಬುದು ನಿಮಗೆ ಥಟ್ಟನೆ ಹೊಳೆಯುತ್ತದೆಂದರೆ ನೀವು ಪುಣ್ಯವಂತರು. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಧಿ ಸಮಾಸಗಳನ್ನು ಬಿಡಿಸಿದ ನಾನು ಇವೆರಡನ್ನು ಬೇರ್ಪಡಿಸಲು ಇಂದಿಗೂ ಊಟ ಮಾಡುವ ಕೈಯನ್ನು ಒಮ್ಮೆ ನೆನೆಯಬೇಕು. ಸಂಜಯನಗರದ ಆಟೋದವರೊಬ್ಬರು, "ಸಾರ್, ಬಾಯಲ್ಲಿ ಹೇಳ್ಬೇಡಿ, ಕೈ ತೋರ್ಸಿಬಿಡಿ" ಎಂದು ಸವಿನಯವಾಗಿ ಬೇಡಿಕೊಂಡದ್ದುಂಟು.

ಇಂಥ ದಿಗ್ಭ್ರಾಂತನ ಕೈಗೆ ದಾರಿ ತೋರಿಸುವ ಬಣ್ಣದ ಡಬ್ಬಿ ಕೊಟ್ಟವರು ನೆರೆಮನೆಯ ಗಿರಿಜಾ. ನಂದಿಬೆಟ್ಟದ ಆಚೆ, ಗುಡ್ಡದಿಂದ ಗುಡ್ಡಕ್ಕೆ ನಾಲ್ಕು ದಿನ ನಡೆಯುವಷ್ಟು ಉದ್ದದ ಕಾಲುದಾರಿಯೊಂದಿದೆ. ಅದನ್ನು ನೋಡಿಕೊಳ್ಳುವ ಹತ್ತಾರು ಮಂದಿಗೆ ಆಕೆಯೇ ಮುಂದಾಳು. ನಿವೃತ್ತಿಯ ಆಲಸ್ಯ ಕಳೆಯಲೆಂದು ನಾನೂ ಭಾನುವಾರಗಳಂದು ಅವರ ಬೆನ್ನುಹತ್ತಿದೆ. ದಾರಿಯನ್ನು ಒಮ್ಮೆ ಮಾಡಿಟ್ಟರೆ ಅದು ಇದ್ದಲ್ಲಿಯೇ ಇರುತ್ತದೆಂದು ನಂಬಿದ್ದವನಿಗೆ, ಒಂದೇ ಮಳೆಗಾಲದಲ್ಲಿ ಲಾಂಟಾನ ಪೊದೆ ಅದನ್ನು ನುಂಗಿ ಕೂರುತ್ತದೆಂದು ತಿಳಿದದ್ದು ಅಲ್ಲಿಯೇ. ಪೊದೆ ಕಡಿದೆವು, ಮಳೆನೀರು ದಾರಿ ಕೊರೆಯದಂತೆ ಅಡ್ಡಗಲ್ಲು ಕೂರಿಸಿದೆವು, ಒಂದು ಭಾನುವಾರ ಬಂಡೆಗಳ ಮೇಲೆ ಹಳದಿ ಬಾಣ ಬಿಡಿಸಿದೆವು.

ಅದಾಗಿ ಎಂಟು ದಿನಕ್ಕೆ, ಸೋಮವಾರ ಸಂಜೆ ಗಿರಿಜಾ ಮನೆಗೆ ಬಂದರು. ಹಿಂದಿನ ದಿನ ಪುಟ್ಟೇನಹಳ್ಳಿಯ ಸಾವಿತ್ರಿ ಎಂಬವರು ಗಂಡನೊಡನೆ ಆ ದಾರಿ ಹಿಡಿದಿದ್ದರಂತೆ. ಎರಡನೇ ಗುಡ್ಡದ ಕವಲಿನಲ್ಲಿ ಬಾಣವನ್ನು ನಂಬಿ ತಿರುಗಿದವರು ಮೂರು ಗಂಟೆ ಪೊದೆಗಳಲ್ಲಿ ಅಲೆದಿದ್ದಾರೆ. ಗಂಡನಿಗೆ ಸಕ್ಕರೆ ಕಾಯಿಲೆ. ತಂದ ತಿಂಡಿ ಮುಗಿದು, ಕೈಕಾಲು ನಡುಗಿ ಆತ ಕುಸಿದು ಕೂತಾಗ, ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ತಮ್ಮ ಬುತ್ತಿಯ ಬೆಲ್ಲ ತಿನ್ನಿಸಿ ಊರಿಗೆ ಇಳಿಸಿದರಂತೆ.

"ಅವತ್ತು ಬಾಣ ಬರೆದೋರು ಮೂರು ಜನ. ಯಾರು ತಪ್ಪು ಮಾಡಿದ್ರೋ ಗೊತ್ತಿಲ್ಲ" ಎಂದರು ಗಿರಿಜಾ.

ಸುಮ್ಮನಿದ್ದರೆ ತಪ್ಪು ಮೂರು ಪಾಲಾಗಿ ಹಗುರಾಗುತ್ತಿತ್ತು. ಕಾಫಿ ಲೋಟ ಕೆಳಗಿಟ್ಟೆ. "ಅದು ನಂದೇ. ನೀವು ಎಡಕ್ಕೆ ಅಂದ್ರಿ, ನಾನು ಬಲಕ್ಕೆ ಬರೆದೆ."

ಆಕೆ ಬೈಯಲಿಲ್ಲ, ಸಾವಿತ್ರಿಯವರ ನಂಬರ್ ಕೊಟ್ಟರು. ವ್ಯಾಕರಣಶುದ್ಧವಾದ ಕ್ಷಮಾಪಣೆಯೊಂದನ್ನು ಸಿದ್ಧಪಡಿಸಿಕೊಂಡು ಫೋನ್ ಮಾಡಿದರೆ, ಅವರು ಅರ್ಧಕ್ಕೇ ತಡೆದರು.

"ನಮ್ಮನೆಯವರು ಈಗ ಹುಷಾರಾಗಿದ್ದಾರೆ. ಕ್ಷಮೆ ಇರ್ಲಿ, ಅದನ್ನ ಯಾವಾಗ ಅಳಿಸ್ತೀರಾ?"

"ನಾಳೆ ಬೆಳಿಗ್ಗೇನೇ ಹೋಗ್ತೀನಿ."

"ನಾನೂ ಬರ್ತೀನಿ. ನಿಮ್ಮೊಬ್ಬರನ್ನೇ ನಂಬೋಕೆ ಆಗಲ್ಲ ನೋಡಿ."

ಮರುದಿನ ನಾವಿಬ್ಬರೂ ಯಲಹಂಕದಲ್ಲಿ ಬಸ್ ಹತ್ತಿ, ಆ ಕವಲಿನವರೆಗೆ ಗುಡ್ಡ ಏರಿದೆವು. ಬಂಡೆಯ ಮುಂದೆ ಮಂಡಿಯೂರಿ, ತಂತಿ ಬ್ರಶ್ಶಿನಿಂದ ನನ್ನ ಬಾಣವನ್ನು ಉಜ್ಜತೊಡಗಿದೆ. ತರಗತಿಯಲ್ಲಿ ನಾನು ಹೇಳಿದ್ದನ್ನು ಯಾರೂ ಅಷ್ಟು ಶ್ರದ್ಧೆಯಿಂದ ನಂಬಿರಲಿಲ್ಲ. ಇಲ್ಲಿ ಮಾತ್ರ ಬರೆದವನಾರೆಂದೂ ಕೇಳದೆ, ದಣಿದ ಇಬ್ಬರು ನನ್ನನ್ನು ನಂಬಿ ಕಾಲಿಟ್ಟಿದ್ದರು. ಉಜ್ಜುತ್ತ ಉಜ್ಜುತ್ತ ಕಣ್ಣು ಮಂಜಾಯಿತು.

ಹೊಸ ಬಾಣಕ್ಕೆ ಕುಂಚ ಎತ್ತಿದಾಗ ಸಾವಿತ್ರಿ, "ಸ್ವಲ್ಪ ಇರಿ" ಎಂದು ಕವಲಿನ ಇನ್ನೊಂದು ದಾರಿಯಲ್ಲಿ ನಡೆದು ತಿರುವಿನಾಚೆ ಮರೆಯಾದರು. ಬಹಳ ಹೊತ್ತಿನ ಮೇಲೆ ಅವರ ದನಿ ಕೇಳಿಸಿತು: "ಮುಂದಿನ ಬಾಣ ಸಿಕ್ತು. ಬರೀರಿ, ಇದೇ ದಾರಿ."

ಬರೆದೆ. ಅವರು ಮರಳಿ ಬಂದು ಬಾಣವನ್ನೂ ದಾರಿಯನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಪಕ್ಕದ ಕಲ್ಲಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆರೆದು, ಅರ್ಧವನ್ನು ಮುಚ್ಚಳಕ್ಕೆ ಹಾಕಿ ನನ್ನ ಮುಂದಿಟ್ಟರು.

"ಬಣ್ಣ ಒಣಗಲಿ. ಆಮೇಲೆ ಇಳಿಯೋಣ."