ಮೊಬೈಲಿಗೆ ಹೇಳದ ಜ್ವರ

ಗೆಳೆಯರೇ, ನೆರೆಮನೆಯ ಶಾಂತವ್ವನ ಮಗಳಿಗೆ ಡೆಂಗಿ. ನಮ್ಮ ಹೊರ್ತಿಯ ಓಣಿಗೆ ಸೊಳ್ಳೆ ಹೊಗೆ ಹಾಕಿಸಿ ಎಂದು ಕೇಳಲು ಇಂದು ಅವಳೊಂದಿಗೆ ಆರೋಗ್ಯ ಸಾಹೇಬರ ಬಳಿ ಹೋಗಿದ್ದೆ. ನಾವು ರಕ್ತದ ವರದಿ ತೋರಿಸಿದೆವು. ಅವರು ಕಂಪ್ಯೂಟರಿನ ನಕ್ಷೆ ತೋರಿಸಿದರು.

"ಇಂಟರ್‌ನೆಟ್‌ನ್ಯಾಗ ಡೆಂಗಿ ಅಂತ ಹೊರ್ತಿಯಿಂದ ಯಾರೂ ಹುಡುಕಿಲ್ರಿ. ನಿಮ್ಮೂರು ಹಸಿರು ಐತಿ. ಹೊಗಿ ಮಿಷನ್ ಭಾಳ ಮಂದಿ ಹುಡುಕಿ ಕೆಂಪು ಆದಲ್ಲಿಗೆ ಮೊದಲ ಹೋಗತೈತಿ."

"ಮಗಳ ಹಣಿಗೆ ತಣ್ಣೀರ ಪಟ್ಟಿ ಹಾಕ್ಲೋ, ಮೊಬೈಲ್ ಒತ್ತಕೋತ ಕೂಡ್ಲೋ ಸಾಹೇಬ್ರ?" ಎಂದು ಶಾಂತವ್ವ ಕೇಳಿದಳು. ಸಾಹೇಬರು ನಕ್ಷೆಯನ್ನೇ ನೋಡುತ್ತಿದ್ದರು.

ಹಿಂದೆ ಮಲೇರಿಯಾದವರು ಮನೆಮನೆಗೆ ಬಂದು, ಜ್ವರ ವಿಚಾರಿಸಿ, ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆದು ಹೋಗುತ್ತಿದ್ದರು.

ಸದ್ಯ ಓಣಿಯವರೆಲ್ಲ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಡೆಂಗಿ ಹುಡುಕುತ್ತಿದ್ದೇವೆ. ಇಂಡಿ, ಸಿಂದಗಿಯ ಗೆಳೆಯರು ದಯವಿಟ್ಟು ಎರಡು ದಿನ ಹುಡುಕಬೇಡಿ. ಮಿಷನ್ ನಿಮ್ಮ ಕಡೆ ತಿರುಗೀತು.