ಭೈರನ ನಂತರದ ಮರಿ

ಬೇಗೂರು ಹೋಬಳಿಯಲ್ಲಿ ನನ್ನ ಸಲಹೆಯಿಲ್ಲದೆ ಒಂದು ಕರುವಾಗಲಿ, ಕುರಿಯಾಗಲಿ, ನಾಯಿಯಾಗಲಿ ದೊಡ್ಡದಾಗಿಲ್ಲ. ನಾನು ಮೇವು ಹೇಳಿದ ಹಸುವೊಂದು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಸದೆ, ಗೋಡೆ ಒಡೆದು ಹೊರಗೆ ತೆಗೆದದ್ದಿದೆ. ನಂಬದವರು ಆ ಗೋಡೆಯನ್ನೇ ಕೇಳಿ.

ಹಾಗಾಗಿಯೇ ಪಕ್ಕದ ಮನೆಯ ಶಾಂತಮಲ್ಲಮ್ಮ ಮೊದಲ ಸಲ ನಾಯಿಮರಿ ತಂದಾಗ ನನ್ನನ್ನು ಕೇಳಿದ್ದು. ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಹೆಂಗಸು. ಚಿರತೆ ಎರಡು ಕರು ಹೊತ್ತೊಯ್ದಿದ್ದರಿಂದ ದೊಡ್ಡ ಜಾತಿಯದೇ ಬೇಕೆಂದು ಜರ್ಮನ್ ಶೆಫರ್ಡ್ ತರಿಸಿದ್ದಳು. ಭೈರ ಎಂದು ಹೆಸರಿಟ್ಟಳು. ಪಾದ ಒಂದೊಂದೂ ಅಕ್ಕಿರೊಟ್ಟಿಯಷ್ಟಗಲ. ಲಿಂಗ ಕಟ್ಟಿದ ಮನೆ. ಮಾಂಸ ಹೊಸಿಲು ದಾಟುವಂತಿಲ್ಲ. ಹಾಲು, ರಾಗಿ ಅಂಬಲಿ ಸಾಲದೆಂದು ನಾನು ಹೇಳಿದೆ: "ಈದ ಹಸುಗೆ ಕುಡಿಸ್ತೀಯಲ್ಲ ಕ್ಯಾಲ್ಸಿಯಂ, ಅದ್ನೇ ದಿನಾ ಒಂದ್ ಲೋಟ ಉಯ್ಯಿ ಕಣವ್ವ. ಮೂಳೆ ಕಬ್ಣ ಆಯ್ತದೆ."

ಹಸುಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲೇ ಹೊಯ್ದಳು. ಒಂದು ದಿನ ತಪ್ಪಿಸಲಿಲ್ಲ. ಐದನೇ ತಿಂಗಳಿಗೆ ಭೈರನ ಮುಂಗಾಲುಗಳು ಕುಡುಗೋಲಿನಂತೆ ಬಾಗಿದವು. ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಮೂಳೆಯೇ ಕೆಡುತ್ತದೆ ಎಂದು ಪಶುವೈದ್ಯರು ಹೇಳುವಾಗ ನನಗೆ ಬೇರೆಲ್ಲೋ ಕೆಲಸ ನೆನಪಾಯಿತು. ಮತ್ತೆ ಎಂಟು ತಿಂಗಳು ಅದು ಅಂಗಳದ ಸಿಮೆಂಟಿನ ಮೇಲೆ ಉಗುರು ಎಳೆಯುತ್ತ ಓಡಾಡಿ, ಸತ್ತಿತು.

ನಾನು ಹೇಳಿದ ಸುಳ್ಳನ್ನೆಲ್ಲ ಒಟ್ಟಿದರೆ ಗೋಪಾಲಸ್ವಾಮಿ ಬೆಟ್ಟ ಅದರ ನೆರಳಿನಲ್ಲಿ ಮಲಗೀತು. ಇದು ಆ ರಾಶಿಯದಲ್ಲ: ಸಂಜೆ ಹಾಲು ಕರೆಯುವ ಹೊತ್ತಿಗೆ ಆ ಅಂಗಳದಲ್ಲಿ ಈಗಲೂ ಸರ್ರ್... ಸರ್ರ್... ಎಂದು ಉಗುರು ಎಳೆಯುವ ಸದ್ದು. ಹಸುಗಳು ಕಿವಿ ನಿಮಿರಿಸುತ್ತವೆ. ಶಾಂತಮಲ್ಲಮ್ಮ ಕರೆಯುವುದನ್ನು ನಿಲ್ಲಿಸಿ, ಸದ್ದು ಅಂಗಳ ದಾಟುವವರೆಗೆ ಕಾದು, ಮತ್ತೆ ಕೆಚ್ಚಲಿಗೆ ಕೈಹಾಕುತ್ತಾಳೆ. ಗೋಡೆಯಾಚೆ ನಾನೂ ಉಸಿರು ಹಿಡಿದಿರುತ್ತೇನೆ. ನಾವಿಬ್ಬರೂ ಅದರ ಮಾತೆತ್ತಿಲ್ಲ.

ಕಳೆದ ತಿಂಗಳು ಅವಳ ತಮ್ಮ ಅದೇ ಜಾತಿಯ ಇನ್ನೊಂದು ಮರಿ ತಂದುಬಿಟ್ಟ. ಬಂದ ಸಂಜೆಯೇ, ಸದ್ದು ಶುರುವಾದಾಗ, ಮರಿ ಬಾಲ ಅಲ್ಲಾಡಿಸುತ್ತ ಅದರ ಹಿಂದೆ ಹಿಂದೆಯೇ ಅಂಗಳ ದಾಟಿತು. ಮರುದಿನ ಶಾಂತಮಲ್ಲಮ್ಮ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಕರೆಯದಿದ್ದರೂ ನಾನೂ ಹತ್ತಿದೆ.

ಅಂಗಡಿಯ ಸೋಮೇಶ್ ನಾಯಿಮರಿ ತಿಂಡಿಯ ಎರಡು ಚೀಲ ಮುಂದಿಟ್ಟ. ಒಂದರ ಮೇಲೆ ಪೈಲ್ವಾನನಂಥ ನಾಯಿಯ ಚಿತ್ರ. "ಇದ್ ತಕೊಳಕ್ಕ, ಎಕ್ಸ್‌ಟ್ರಾ ಕ್ಯಾಲ್ಸಿಯಂ. ಮೂರೇ ತಿಂಗ್ಳಿಗೆ ಕರುನಂಗಾಯ್ತದೆ."

ಚೀಲ ಮುಟ್ಟಿದ್ದ ಕೈಯನ್ನು ಅವಳು ಕೆಂಡ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. "ಬಿರ್ನೆ ಬೆಳೆಯಾದು ಬ್ಯಾಡ ಕಣಪ್ಪ. ಮೆಲ್ಲಗೆ ಬೆಳೆಯಾದು ಕೊಡು. ಕ್ಯಾಲ್ಸಿಯಂ ಎಷ್ಟದೆ, ಎರಡ್ರದೂ ಓದು."

ಸೋಮೇಶ್ ಓದಿದ. ಎರಡನೆಯದು ದೊಡ್ಡ ಜಾತಿಯ ಮರಿಗೆಂದೇ ಮಾಡಿದ್ದು. ಕ್ಯಾಲ್ಸಿಯಂ ಪಶುವೈದ್ಯರು ಚೀಟಿಯಲ್ಲಿ ಬರೆದುಕೊಟ್ಟ ಮಿತಿಯೊಳಗೇ ಇತ್ತು. ಅವಳು ಮತ್ತೊಮ್ಮೆ ಓದಿಸಿದಳು. ಮೂರನೇ ಸಲವೂ ಓದಿಸಿದಳು.

ಆ ಚೀಲದ ಮೇಲೆ ಕೋಳಿಯ ಚಿತ್ರ; ಒಳಗಿದ್ದದ್ದೂ ಕೋಳಿಯದೇ ತಿಂಡಿ. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. "ಏನವ್ವಾ, ಲಿಂಗಪೂಜೆ ಮನೀಗೆ ಕೋಳಿನಾ? ಪಾಪ ಸುತ್ಕತದೆ. ಬುಡು, ನಾ ಹೇಳ್ತೀನಿ ಕೇಳು..."

ಅವಳು ಚೀಲವನ್ನು ಸೊಂಟಕ್ಕೇರಿಸಿಕೊಂಡು ನನ್ನತ್ತ ತಿರುಗಿದಳು.

"ಕೇಳಿದ್ದಾಯ್ತು ಮಾವ. ಈ ಮರೀಗೆ ಕೋಳಿ ತಿನ್ನಿಸಿದ್ ಪಾಪ ನಂಗಿರ್ಲಿ. ಆ ಮರೀದು ನೀವ್ ಮಡಿಕ್ಕಳಿ."