ಅಪ್ಪನ ಹೆಸರಿನ ಸ್ವಿಚ್ಚು

ಹಾರವಾಡದ ನಮ್ಮ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸಿದಾಗ, ಬ್ರೇಕರ್ ಪೆಟ್ಟಿಗೆಯ ಪ್ರತಿ ಸ್ವಿಚ್ಚಿನ ಕೆಳಗೆ ಅದು ಯಾವ ಖೋಲಿಯದೆಂದು ಬರೆದಿಡಿ ಎಂದು ಎಲೆಕ್ಟ್ರಿಷಿಯನ್ ಹೇಳಿ ಹೋಗಿದ್ದ. ಅಪ್ಪ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಕತ್ತರಿಸಿ, ಖೋಲಿಗಳ ಬದಲು ನಮ್ಮ ಹೆಸರುಗಳನ್ನೇ ಬರೆದು ಅಂಟಿಸಿದ. ಜಗಲಿ ಕಡೆಯ ಖೋಲಿ ಅವನದು, ನಡುವಿನದು ನನ್ನದು, ಹಿಂದಿನದು ತಮ್ಮನದು, ಅಡುಗೆಮನೆ ನಮ್ಮ ಅಮ್ಮ, ಆಯಿಯದು.

"ಅಡುಗೆಮನೆ ನನ್ನ ಹೆಸ್ರಿಗೆ ಬರ್ದು ಕೊಟ್ರಾ? ದೊಡ್ಡ ಉಪಕಾರ ಆಯ್ತು," ಎಂದಿದ್ದಳು ಆಯಿ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ, ರಾತ್ರಿ ಮೀನಿಗೆ ಹೋಗಿ ಬೆಳಿಗ್ಗೆ ದಡಕ್ಕೆ ಬರಬೇಕಿದ್ದ ಅಪ್ಪನ ದೋಣಿ ಮಧ್ಯಾಹ್ನವಾದರೂ ಬರಲಿಲ್ಲ. ಗಾಳಿ ಎದ್ದಿತ್ತು. ಅವನ ಮೊಬೈಲ್ ಹತ್ತುತ್ತಿರಲಿಲ್ಲ. ತಮ್ಮ ದಡದಲ್ಲೇ ನಿಂತುಬಿಟ್ಟಿದ್ದ. ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕೈಗೆ ಏನಾದರೂ ಕೆಲಸ ಬೇಕಿತ್ತು. ಅಪ್ಪನ ಖೋಲಿಯ ಫ್ಯಾನಿನ ರೆಗ್ಯುಲೇಟರ್ ಕೆಟ್ಟು ವಾರವಾಗಿತ್ತು, ಹೊಸದನ್ನು ತಂದಿಟ್ಟಿದ್ದೆವು. ಅದನ್ನಾದರೂ ಹಾಕೋಣವೆಂದು ಆ ಖೋಲಿಗೆ ಹೋದೆ.

"ಆಯಿ, ಅಪ್ಪಂದು ಬಂದ್ ಮಾಡು!"

"ಹೂಂ, ಆಯ್ತು," ಎಂದಳು ಪೆಟ್ಟಿಗೆಯಿದ್ದ ಪಡಸಾಲೆಯಿಂದ.

ಟೆಸ್ಟರ್ ಹಚ್ಚಿ ನೋಡುವ ತಾಳ್ಮೆ ನನಗೆಲ್ಲಿ? ಸ್ಕ್ರೂ ಬಿಚ್ಚಿ ಬೆರಳು ತಂತಿಗೆ ತಾಗಿದ್ದೇ ತಡ, ಮೊಣಕೈತನಕ ಕರೆಂಟು ಹೊಡೆಯಿತು. ಹಿಂದಿದ್ದ ಮಂಚದ ಮೇಲೆ ಬಿದ್ದೆ.

"ನನ್ನ ಕೊಲ್ಲುಕೆ ಹೊರಟಿದ್ಯಾ?" ಎಂದು ಕಿರುಚುತ್ತ ಪೆಟ್ಟಿಗೆಯ ಹತ್ತಿರ ಓಡಿದೆ. ನನ್ನದು ಕೆಳಗಿತ್ತು, ಅಂದರೆ ಬಂದ್. ತಮ್ಮನದೂ ಕೆಳಗೆ, ಅವಳದೂ ಕೆಳಗೆ. ಅಪ್ಪನದೊಂದು ಮಾತ್ರ ಮೇಲಿತ್ತು.

ಆಯಿ ನನ್ನ ಕೈ ಹಿಡಿದು ತಿಕ್ಕುತ್ತ ಅಳುತ್ತಿದ್ದಳು. "ಅವ್ರು ನೀರಿನ ಮೇಲಿದ್ದಾರೆ. ಅವ್ರ ಹೆಸ್ರಿಂದು ನನ್ನ ಕೈಯಿಂದ ಆರ್ಸುಕೆ ಆಗುದಿಲ್ಲ ಮಗಾ. ಉಳ್ದದ್ದೆಲ್ಲ ಬಂದ್ ಮಾಡ್ದೆ. ಅಷ್ಟು ಸಾಕಾಗ್ತದೆ ಅಂದ್ಕೊಂಡೆ."

"ಥೂ, ಎಂಥ ಹುಚ್ಚು ನಿಂದು!" ಎಂದು ಬೈದು, ನಾನೇ ಪೆಟ್ಟಿಗೆಗೆ ಕೈ ಹಾಕಿದೆ. ಬಿಳಿ ಪಟ್ಟಿಯ ಮೇಲೆ ಅಪ್ಪನ ಸೊಟ್ಟ ಅಕ್ಷರ. ಸ್ವಿಚ್ಚಿನ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಕಾಲೇಜು ಕಲಿತವಳಿಗೂ ಹೆದರಿಕೆಯಾಯಿತು, ಹೇಳಿಕೊಳ್ಳಲು ನಾಚಿಕೆ ಏನು? ಉಳಿದ ಮೂರನ್ನೂ ಮೇಲೆ ಮಾಡಿ, ಪೆಟ್ಟಿಗೆಯ ಮುಚ್ಚಳ ಹಾಕಿದೆ. ಆಮೇಲೆ ಇಬ್ಬರೂ ಬಾಗಿಲಿಗೂ ಗೇಟಿಗೂ ತಿರುಗಿದ್ದೇ ತಿರುಗಿದ್ದು.

ಇಳಿಹೊತ್ತಿಗೆ ತಮ್ಮನ ಜೊತೆ ಅಪ್ಪ ಬಂದ. ಎಂಜಿನ್ ಕೈಕೊಟ್ಟಿತ್ತಂತೆ. ಒದ್ದೆ ಅಂಗಿ ಬಿಚ್ಚಿ ತನ್ನ ಖೋಲಿಗೆ ಹೋದವನು ಅಲ್ಲಿಂದಲೇ ಕೂಗಿದ: "ಎಂತದಿದು, ಈ ಫ್ಯಾನು ಇನ್ನೂ ತಿರುಗುದಿಲ್ವನೇ?"

ಆಯಿ ಸೀದಾ ಪೆಟ್ಟಿಗೆಯ ಹತ್ತಿರ ಹೋಗಿ, ಅವನ ಹೆಸರಿನ ಸ್ವಿಚ್ಚನ್ನು ಟಪ್ಪನೆ ಕೆಳಗೆ ಒತ್ತಿದಳು.

"ಹೂಂ, ಈಗ ಮಾಡು," ಎಂದಳು ನನಗೆ.